ಭಾನುವಾರದವರೆಗೆ ಬಾಯಿಗೆ ಬೀಗ

ಯಾರೂ ಓದದ ಕತೆಗಳನ್ನು ಹುಡುಕಿ ಓದುವುದು ಎಲ್ನೂರಾಳ ಚಟ. ಕಿರ್ಗಿಸ್ತಾನದ ಬಿಷ್ಕೆಕ್ ನಗರದ ಹಲ್ಲಿನ ಆಸ್ಪತ್ರೆಯೊಂದರಲ್ಲಿ ಬಾಗಿಲ ಪಕ್ಕದ ಮೇಜಿನ ಹಿಂದೆ ಕೂತು, ಕೆನ್ನೆ ಊದಿಸಿಕೊಂಡು ಬಂದವರನ್ನು ಸಮಾಧಾನ ಮಾಡಿ ಒಳಗೆ ಕಳಿಸುವುದು ಅವಳ ಕೆಲಸ. ಉಳಿದ ಹೊತ್ತೆಲ್ಲ ಫೋನು. ಕಿರ್ಗಿಜ್ ಕತೆ, ಕಾದಂಬರಿಗಳಿಗೆಂದೇ ಇಂಟರ್ನೆಟ್ಟಿನಲ್ಲಿ ಒಂದು ಹಳೇ ಸೈಟಿತ್ತು. ಯಾರು ಬೇಕಾದರೂ ಬರೆದು ಹಾಕಬಹುದು, ಯಾರು ಬೇಕಾದರೂ ಪುಕ್ಕಟೆ ಓದಬಹುದು. ಮೊದಲ ಪುಟದಲ್ಲಿ ಯಾವಾಗಲೂ ಅದೇ ಅದೇ: ಶ್ರೀಮಂತನ ಮಗ, ಬಡವರ ಹುಡುಗಿ, ಮೊದಲು ಜಗಳ, ಆಮೇಲೆ ಮದುವೆ. ಎಲ್ನೂರಾ ಅದನ್ನು ಕಣ್ಣೆತ್ತಿಯೂ ನೋಡದೆ ಸೀದಾ ಕೊನೆಯ ಪುಟಗಳಿಗೆ ಹೋಗುತ್ತಿದ್ದಳು. ಅಲ್ಲಿರುವುದೂ ಬಹುಪಾಲು ಕಸವೇ, ಸುಳ್ಳು ಯಾಕೆ ಹೇಳಬೇಕು. ಆದರೆ ಜರಡಿ ಹಿಡಿದು ಕೂತವರಿಗೆ ಎಂದಾದರೂ ಒಂದು ಗಟ್ಟಿ ಕಾಳು ಸಿಗದೇ ಇರುವುದಿಲ್ಲ. ಹಾಗೆ ಸಿಕ್ಕಿದ್ದನ್ನು ತನ್ನ ಟೆಲಿಗ್ರಾಂ ಚಾನೆಲ್ಲಿನಲ್ಲಿ ಹತ್ತು ಜನಕ್ಕೆ ಹೇಳುತ್ತಿದ್ದಳು. ಚಾನೆಲ್ಲಿನ ಹೆಸರೇ 'ಕೊನೇ ಪುಟ'.

ಹೋದ ಚಳಿಗಾಲದಲ್ಲಿ ಅವಳಿಗೆ ಸಿಕ್ಕಿದ್ದು 'ಎರಡು ಒಲೆಯ ಅಂಗಳ' ಎಂಬ ಕಾದಂಬರಿ. ಬರೆದವರ ಹೆಸರಿನ ಜಾಗದಲ್ಲಿ 'ಉಪ್ಪಿನ ಡಬ್ಬಿ' ಎಂದಷ್ಟೇ ಇತ್ತು. ವಾರಕ್ಕೊಂದು ಅಧ್ಯಾಯ, ಕೆಳಗೆ ಒಂದೇ ಒಂದು ಕಾಮೆಂಟೂ ಇಲ್ಲ. ಒಂದೇ ಅಂಗಳದಲ್ಲಿ ಎರಡು ಮನೆ ಮಾಡಿಕೊಂಡ ಇಬ್ಬರು ವಾರಗಿತ್ತಿಯರ ಕತೆ ಅದು. ಮಾವ ತೀರಿಕೊಂಡಾಗ, ಸಾವಿನ ಊಟದಲ್ಲಿ ಮಾಂಸದ ಪಾಲು ಹಂಚುವ ಗಡಿಬಿಡಿಯಲ್ಲಿ, ಹಿರಿಯವಳಿಗೆ ಸಲ್ಲಬೇಕಾದ ಮರ್ಯಾದೆಯ ಪಾಲು ಕಿರಿಯವಳ ತಟ್ಟೆಗೆ ಬಿದ್ದಿತ್ತು. ಬೇಕೆಂದು ಮಾಡಿದ್ದಲ್ಲ. ಆದರೆ ಹಿರಿಯವಳು ಅಂದು ಬಾಯಿ ಮುಚ್ಚಿದವಳು ಹನ್ನೊಂದು ವರ್ಷ ಕಿರಿಯವಳ ಹತ್ತಿರ ತೆರೆಯಲೇ ಇಲ್ಲ. ಹೇಳಬೇಕಾದ್ದನ್ನು ಕೋಳಿಯ ಮೂಲಕ ಹೇಳುತ್ತಿದ್ದಳು. "ಕೋಳಮ್ಮಾ, ನಿನ್ನ ಯಜಮಾನಿಗೆ ಹೇಳು, ನಲ್ಲೀಲಿ ನೀರು ಬಂದಿದೆ. ಆಮೇಲೆ ಹೇಳ್ಲಿಲ್ಲ ಅಂತ ಊರೆಲ್ಲಾ ದೂರಬಾರ್ದು." ಕಿರಿಯವಳೂ ಕಡಿಮೆಯವಳಲ್ಲ. "ಕೋಳಮ್ಮಾ, ಕೇಳಿಸ್ತು ಅನ್ನು. ಕಿವಿ ಇನ್ನೂ ಸತ್ತಿಲ್ಲ ಅನ್ನು."

ಎಲ್ನೂರಾ ಇದನ್ನು ಓದಿ ಮೇಜಿನ ಹಿಂದೆ ಕಿಸಕ್ಕನೆ ನಕ್ಕಳು. ಎದುರಿಗೆ ಕೂತಿದ್ದ ಹಲ್ಲುನೋವಿನವನು ತನ್ನನ್ನೇ ನೋಡಿ ನಕ್ಕಳೆಂದುಕೊಂಡು ದುರುಗುಟ್ಟಿದ. ಎರಡು ಅಧ್ಯಾಯ ಕಳೆಯಿತು. ಕಿರಿಯವಳಿಗೆ ಜ್ವರ ಬಂದು ಮಲಗಿದ್ದಾಗ ಯಾರೋ ಹೊಸ್ತಿಲಲ್ಲಿ ಬಿಸಿ ಸಾರಿನ ಪಾತ್ರೆ ಇಟ್ಟು ಮಾತಿಲ್ಲದೆ ಹೋದರು ಎಂದು ಓದಿದ ಮೇಲೆ ಎಲ್ನೂರಾ ಎದ್ದುಹೋಗಿ ಕೈತೊಳೆಯುವ ಕೋಣೆಯಲ್ಲಿ ಅತ್ತಳು. ಆಮೇಲೆ ಮೂಗು ಒರೆಸಿಕೊಂಡು ಕಾಮೆಂಟು ಬರೆದಳು: "ಎಜೆ, ಆ ಕೋಳಿಗೆ ನನ್ನ ಸಲಾಂ ಹೇಳಿ." ಎಜೆ ಎಂದರೆ ಅಕ್ಕ, ಬರೆದದ್ದು ಹೆಂಗಸೇ ಎಂಬುದರಲ್ಲಿ ಅವಳಿಗೆ ಅನುಮಾನವಿರಲಿಲ್ಲ. ಚಹಾ ಆರುವುದರೊಳಗೆ ಉತ್ತರ ಬಂತು: "ಹೇಳ್ದೆ ಮಗಳೇ. ಖುಷಿಗೆ ಮೊಟ್ಟೆ ಇಟ್ಟಿದೆ."

ಅಲ್ಲಿಂದ ಪ್ರತಿ ಅಧ್ಯಾಯಕ್ಕೂ ಎಲ್ನೂರಾ ಬರೆದಳು, ಪ್ರತಿ ಸಲವೂ ಆ ಕಡೆಯಿಂದ ಕೂಡಲೇ ಉತ್ತರ ಬಂತು. ಬಾಗಿಲು ತೆರೆದಿಟ್ಟು, ಯಾರಾದರೂ ಬರುತ್ತಾರೇನೋ ಎಂದು ದಾರಿ ನೋಡುತ್ತಾ ಕೂತವರ ಉತ್ತರ ಅದು. ಚಾನೆಲ್ಲಿನಲ್ಲಿ ಎಲ್ನೂರಾ ಹಿಡಿದ ಹಟ ಬಿಡದೆ ಹೇಳಿದಳು: ಇದನ್ನು ಓದಿ, ಓದದಿದ್ದರೆ ನನ್ನ ಹತ್ತಿರ ಮಾತಾಡಬೇಡಿ. ಜನ ಓದಿದರು. ಓದಿದವರು ಅಕ್ಕನಿಗೆ, ಅತ್ತೆಗೆ, ರಷ್ಯಾದಲ್ಲಿ ಕೂಲಿಗೆ ಹೋದ ತಮ್ಮನಿಗೆ ಕಳಿಸಿದರು. ವಸಂತ ಬರುವ ಹೊತ್ತಿಗೆ ಚಾನೆಲ್ಲಿನಲ್ಲಿ ಅದನ್ನು ಓದುವವರು ನಾನೂರು ದಾಟಿದ್ದರು. ಆ ಸೈಟು ಎಷ್ಟು ಹಳೆಯದೆಂದರೆ ಎಷ್ಟು ಜನ ಓದಿದರೆಂಬ ಲೆಕ್ಕ ಬರೆದವರಿಗೂ ಕಾಣುತ್ತಿರಲಿಲ್ಲ. ಯಾರಾದರೂ ಕೆಳಗೆ ಬರೆದರೆ ಉಂಟು, ಇಲ್ಲದಿದ್ದರೆ ಇಲ್ಲ. ಆ ನಾನೂರು ಜನರಲ್ಲಿ ಅಲ್ಲಿ ಬರೆದವರು ಒಬ್ಬರೂ ಇಲ್ಲ; ಚರ್ಚೆಯೆಲ್ಲ ಎಲ್ನೂರಾಳ ಚಾನೆಲ್ಲಿನಲ್ಲೇ. ಉಪ್ಪಿನ ಡಬ್ಬಿಗೆ ಮಾತ್ರ ಯಾವುದೂ ಗೊತ್ತಿಲ್ಲ; ಇನ್ನಷ್ಟು ಜನ ಸೇರಲಿ, ಆಮೇಲೆ ಹೇಳೋಣ ಎಂದು ಎಲ್ನೂರಾಳೂ ಹೇಳಿರಲಿಲ್ಲ.

"ಇದು ಸುಯುಂಚು ಕಣೇ," ಎಂದಳು ಎಲ್ನೂರಾಳ ಅಜ್ಜಿ, ವಿಷಯ ಕೇಳಿದವಳೇ. ಒಳ್ಳೆಯ ಸುದ್ದಿಯನ್ನು ಮೊದಲು ತಂದವರು ಬಾಗಿಲಲ್ಲಿ ನಿಂತು "ಸುಯುಂಚು" ಎಂದು ಕೂಗಬೇಕು, ಕೇಳಿದವರು ಕೈಗೆ ಸಿಕ್ಕಿದ್ದನ್ನು ಉಡುಗೊರೆ ಕೊಡಬೇಕು. "ಫೋನಲ್ಲಿ ಊದಿಬಿಡ್ಬೇಡ. ಫೋನಲ್ಲಿ ಹೇಳಿದ್ರೆ ಅದು ಸುದ್ದಿ ಅಷ್ಟೇ. ಹೋಗಿ ಹೊಸ್ತಿಲಲ್ಲಿ ನಿಂತು ಹೇಳಿದ್ರೆ ಹಬ್ಬ. ಆ ಹೆಂಗಸಿನ ಮುಖ ಅರಳೋದನ್ನ ನೋಡೋ ಪುಣ್ಯ ಬಿಟ್ಕೊಡ್ತಾರೇನೆ ಯಾರಾದ್ರೂ?"

ಆ ಮಾತು ಎಲ್ನೂರಾಳ ಮನಸ್ಸಿಗೆ ಹಿಡಿಸಿತು. ಬರೆದವರು ಯಾರೆಂದು ಗೊತ್ತಾಗುವುದೂ ಕಷ್ಟವಾಗಲಿಲ್ಲ. ಚಾನೆಲ್ಲಿನ ಮೀರಿಮ್ ಎಂಬ ಹುಡುಗಿ ತಾನಾಗಿ ಬರೆದಳು: "ಆ ಅಂಗಳ ನಂಗೊತ್ತು. ಬಾಲಿಕ್ಚಿ ಊರಲ್ಲಿ, ಸರೋವರದ ರಸ್ತೆ ಬದೀಲಿ ಹೊಗೇಲಿ ಒಣಗಿಸಿದ ಮೀನು ಮಾರೋ ಬಾತ್ಮಾ ಅವರ ಮನೆ ಅದು. ನಾನು ಹೇಳ್ದೆ ಅಂತ ಮಾತ್ರ ಹೇಳ್ಬೇಡಿ." ಆಸ್ಪತ್ರೆಯಲ್ಲಿ ಜೊತೆಯವಳು ರಜೆಯ ಮೇಲಿದ್ದಳು, ಎಲ್ನೂರಾಳಿಗೆ ಬಿಡುವು ಸಿಗುವುದು ಮುಂದಿನ ಭಾನುವಾರ. ಚಾನೆಲ್ಲಿನಲ್ಲಿ ಬರೆದಳು: "ಭಾನುವಾರ ನಾನೇ ಹೋಗಿ ಎಲ್ಲರ ಪರವಾಗಿ ಸುಯುಂಚು ಕೂಗಿ ಬರ್ತೀನಿ. ಅಲ್ಲೀತನಕ ಯಾರೂ ಸೈಟಲ್ಲಿ ಏನೂ ಬರೀಬೇಡಿ. ಒಬ್ಬರು ಮೊದ್ಲೇ ಬಾಯಿ ಬಿಟ್ರೂ ಸುದ್ದಿ ಹಳಸಿಹೋಗುತ್ತೆ."

ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ. ಬಾಯಿಗೆ ಬೀಗ, ಬಾಯಿಗೆ ಬೀಗ ಎಂದು ಸಾಲುಸಾಲಾಗಿ ಉತ್ತರಗಳು ಬಂದವು. ಹಲವರು ತಮ್ಮ ದನಿಯಲ್ಲೇ ನಾಲ್ಕು ಮಾತು ಹೇಳಿ ಕಳಿಸಿದರು, ಅಲ್ಲಿ ಕೂತು ಕೇಳಿಸಿ ಎಂದು. ಎಲ್ನೂರಾ ತನ್ನ ಕಾಮೆಂಟನ್ನೂ ನಿಲ್ಲಿಸಿದಳು; ಆ ವಾರದ ಅಧ್ಯಾಯದ ಕೆಳಗೆ ಏನೂ ಬರೆಯಲಿಲ್ಲ. ತನ್ನ ನಾಲಿಗೆಯ ಮೇಲೆ ಅವಳಿಗೇ ನಂಬಿಕೆಯಿರಲಿಲ್ಲ. ಒಂದು ಸಾಲು ಬರೆದರೆ ಉಳಿದದ್ದೆಲ್ಲ ಸುರಿದುಬಿಡುತ್ತಿದ್ದಳು.

ಬುಧವಾರ ಸೈಟಿನಲ್ಲಿ ಉಪ್ಪಿನ ಡಬ್ಬಿಯ ಹೆಸರಿನಲ್ಲಿ ಅಧ್ಯಾಯದ ಬದಲು ನಾಲ್ಕು ಸಾಲು ಬಂತು. "ಕೊನೇ ಅಧ್ಯಾಯ ಬರೆದಾಯ್ತು. ಓದೋರು ಯಾರಾದ್ರೂ ಇದೀರಾ? ಒಬ್ಬ ಹುಡುಗಿ ಇದ್ಳು, ಅವಳೂ ಈಗಿಲ್ಲ. ಇದ್ರೆ ಒಂದು ಚುಕ್ಕೆ ಇಡಿ, ಸಾಕು. ಇಲ್ಲಾಂದ್ರೆ ಗಾಳಿ ಜೊತೆ ಯಾಕೆ ಮಾತಾಡ್ಲಿ."

ಎಲ್ನೂರಾಳ ಬೆರಳು ಅಕ್ಷರಗಳ ಮೇಲೆ ಹೋಯಿತು, ನಿಂತಿತು. ಅವಳೊಳಗೆ ಒಂದು ಕಡೆ ಸಂಕಟ, ಇನ್ನೊಂದು ಕಡೆ, ದೇವರೇ, ಒಂದು ಥರದ ಖುಷಿ. ಇಷ್ಟು ಬಾಯಾರಿದವರಿಗೆ ಭಾನುವಾರ ಕೊಡ ಕೊಡ ನೀರು ಹೊಯ್ಯುವವಳು ತಾನು ಎಂಬ ಖುಷಿ. ಅಷ್ಟರಲ್ಲಿ ಚಾನೆಲ್ಲಿನಿಂದ ಯಾರೋ ಅವಳಿಗೊಬ್ಬಳಿಗೇ ಸಂದೇಶ ಕಳಿಸಿದರು. ಫೋಟೋ ಇಲ್ಲ, ಹೆಸರಿನ ಜಾಗದಲ್ಲಿ ಬರೀ ಒಂದು ಗೀಟು. "ನಾನು ಒಂದು ಚುಕ್ಕೆ ಇಡ್ಲಾ?"

"ಬೇಡಿ, ದಯವಿಟ್ಟು," ಎಂದು ಬರೆದಳು ಎಲ್ನೂರಾ. "ಇಷ್ಟು ದಿನ ತಡ್ಕೊಂಡಿದೀವಿ. ಇನ್ನೇನು ಭಾನುವಾರ ಬಂದೇಬಿಡ್ತು."

"ಸರಿ. ನೀನು ತಿಳಿದೋಳು," ಎಂದಿತು ಆ ಗೀಟು.

ನಾನೂರು ಜನ ಆ ಪ್ರಶ್ನೆ ಓದಿದರು. ಒಬ್ಬರೂ ಚುಕ್ಕೆ ಇಡಲಿಲ್ಲ. ಕೊಟ್ಟ ಮಾತಿಗೆ ತಪ್ಪುವ ಜನವಲ್ಲ ನೋಡಿ.

ಭಾನುವಾರ ಬೆಳಿಗ್ಗೆ ವ್ಯಾನು ಹತ್ತಿದಾಗ ಯಾರೋ "ಸೈಟಲ್ಲಿ ಕಾದಂಬರಿ ಕಾಣ್ತಿಲ್ಲ" ಎಂದು ಬರೆದಿದ್ದರು. ಆ ಸೈಟು ತಿಂಗಳಿಗೊಮ್ಮೆ ಕೆಡುವುದು ಇದ್ದದ್ದೇ. ಎಲ್ನೂರಾ ತಲೆ ಕೆಡಿಸಿಕೊಳ್ಳಲಿಲ್ಲ. ಕಣಿವೆ ದಾಟುವಾಗ ಸಿಗ್ನಲ್ಲು ಹೋಯಿತು. ಅವಳು ಕಿಟಕಿಗೆ ತಲೆ ಆನಿಸಿ, ಬಾಗಿಲಲ್ಲಿ ಹೇಗೆ ನಿಲ್ಲಬೇಕು, ಎಷ್ಟು ಗಟ್ಟಿಯಾಗಿ ಕೂಗಬೇಕು ಎಂದು ಮನಸ್ಸಿನಲ್ಲೇ ಆಡಿ ನೋಡಿಕೊಳ್ಳುತ್ತಾ ಹೋದಳು.

ಬಾಲಿಕ್ಚಿಯಲ್ಲಿ ಎಂದಿನಂತೆ ಗಾಳಿ. ಮನೆ ಸಿಕ್ಕಿತು. ಓದಿದ್ದ ಅಂಗಳ ಇದ್ದಹಾಗೇ ಇತ್ತು: ಎದುರುಬದುರು ಎರಡು ಬಾಗಿಲು, ನಡುವೆ ಬಟ್ಟೆ ಒಣಗಿಸುವ ತಂತಿ, ಮೂಲೆಯಲ್ಲಿ ನಲ್ಲಿ. ಕೋಳಿ ಕೂಡ ಇತ್ತು. ಅದನ್ನು ನೋಡಿ ಎಲ್ನೂರಾಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಎಡಗಡೆಯ ಬಾಗಿಲು ತೆರೆದಿತ್ತು. ಐವತ್ತು ದಾಟಿದ, ತೆಳ್ಳಗಿನ ಹೆಂಗಸೊಬ್ಬರು ನೆಲದ ಮೇಲೆ ಕೂತು ಹೊಗೆಮೀನುಗಳನ್ನು ದಾರಕ್ಕೆ ಪೋಣಿಸುತ್ತಿದ್ದರು.

"ಸುಯುಂಚು, ಬಾತ್ಮಾ ಎಜೆ, ಸುಯುಂಚು!"

ಬಾತ್ಮಾ ತಲೆ ಎತ್ತಿದರು. ಮಾಸ್ಕೋದಲ್ಲಿ ಕೆಲಸಕ್ಕಿದ್ದ ಗಂಡನ ಕಡೆಯ ಸುದ್ದಿಯೇನೋ ಎಂದು ಅವರ ಕೈಯಿಂದ ದಾರ ಜಾರಿತು. "ಏನಮ್ಮಾ, ಯಾರು ನೀನು? ಅವರು ಬಂದ್ರಾ?"

"ಅದಲ್ಲ ಎಜೆ. ಕೋಳಿಗೆ ಸಲಾಂ ಹೇಳಿದ್ಳಲ್ಲ, ಆ ಹುಡುಗಿ ನಾನು. ನಿಮ್ಮ ಕಾದಂಬರೀನ ನಾನೂರು ಜನ ಓದ್ತಿದಾರೆ. ನಾನೂರಕ್ಕೂ ಜಾಸ್ತಿ."

ಬಾತ್ಮಾ ಅವಳನ್ನೇ ನೋಡಿದರು. ಆಮೇಲೆ ಲಂಗಕ್ಕೆ ಕೈ ಒರೆಸಿಕೊಂಡು, ಬಾ ಕೂತ್ಕೋ ಎಂದು ಚಾಪೆ ತೋರಿಸಿ, ಬಟ್ಟಲಿಗೆ ಹಾಲು ಹಾಕಿದ ಚಹಾ ಸುರಿದು, ಮುಂದೆ ಎಣ್ಣೆಯಲ್ಲಿ ಕರಿದ ಹಿಟ್ಟಿನ ಬೂರ್ಸಾಕಿನ ತಟ್ಟೆ ಇಟ್ಟರು. ಎಲ್ನೂರಾ ಉಸಿರು ಬಿಡದೆ ಎಲ್ಲ ಹೇಳಿದಳು. ಚಾನೆಲ್ಲು, ಓದುಗರು, ಅಜ್ಜಿ ಹೇಳಿದ್ದು, ಬಾಯಿಗೆ ಬೀಗ. ಫೋನು ಒತ್ತಿ ದನಿಗಳನ್ನು ಕೇಳಿಸಿದಳು. ಒಬ್ಬ ಮುದುಕ ಕೆಮ್ಮುತ್ತಾ, "ಆ ಸಾರಿನ ಪಾತ್ರೆ ಓದಿದ ಮೇಲೆ ನನ್ನ ಅಣ್ಣನಿಗೆ ಫೋನ್ ಮಾಡ್ದೆ ಕಣಮ್ಮಾ" ಎಂದ. ಬಾತ್ಮಾ ಕತ್ತು ಬಗ್ಗಿಸಿ, ಮಡಿಲಲ್ಲಿ ಕೈಕಟ್ಟಿಕೊಂಡು ಕೇಳಿದರು. ಕಣ್ಣಲ್ಲಿ ನೀರಾಡಿತು.

"ಒಳ್ಳೇ ಜನ," ಎಂದರು ಕೊನೆಗೆ. "ಬುಧವಾರ ನಾನು ಕೇಳಿದ್ದನ್ನೂ ಓದಿದ್ರಾ ಇವರೆಲ್ಲ?"

"ಓದಿದ್ರು ಎಜೆ."

"ನೀನೂನಾ?"

ಎಲ್ನೂರಾ ಹೌದೆಂದು ತಲೆಯಾಡಿಸಿದಳು.

"ನಿನ್ನೆ ಸಾಯಂಕಾಲ ಎಲ್ಲಾ ಅಳಿಸಿಬಿಟ್ಟೆ ಮಗಳೇ."

"ಅಯ್ಯೋ, ಅದಕ್ಕೇನು ಎಜೆ, ಒಬ್ಬರು ಎಲ್ಲಾ ಅಧ್ಯಾಯ ಇಳಿಸಿಟ್ಕೊಂಡಿದಾರೆ. ಒಂದಕ್ಷರ ಹೋಗಿಲ್ಲ. ಕೊನೇದೊಂದು ನೀವು ಕೊಟ್ರೆ..."

"ಕೊನೇದು ನನ್ನ ಹತ್ರ ಮಾತ್ರ ಇತ್ತು. ಅದೂ ಹೋಯ್ತು."

"ಮತ್ತೆ ಬರೀಬಹುದಲ್ಲ? ಏನಾಗುತ್ತೆ ಕೊನೇಲಿ?"

ಬಾತ್ಮಾ ಒಂದು ಮೀನು ಎತ್ತಿಕೊಂಡರು, ಪೋಣಿಸಲಿಲ್ಲ. "ಏನಿಲ್ಲ. ದೊಡ್ಡೋಳು ಒಂದಿನ ಹೊರಗೆ ಬಂದು, ಕೋಳೀನ ಕರೀದೆ, ಚಿಕ್ಕೋಳ ಹೆಸರು ಹಿಡಿದು ಕೂಗ್ತಾಳೆ. ಅಷ್ಟೇ. ಬರೀವಾಗ ನಿಜ ಅನ್ಸಿತ್ತು. ಒಳಗೊಳಗೇ ಅವಳಿಗೂ ಕೂಗ್ಬೇಕು ಅಂತಿರುತ್ತೆ, ಇಷ್ಟು ವರ್ಷ ಬಾಯಿವರೆಗೆ ಬಂದು ವಾಪಸ್ ಹೋಗಿರುತ್ತೆ ಅಂದ್ಕೊಂಡಿದ್ದೆ. ಆಮೇಲೆ ಫೋನು ನೋಡ್ತಾ ಕೂತ್ನಲ್ಲ, ಬುಧವಾರದಿಂದ. ಮೀನು ಮಾರೋಕೂ ಹೋಗ್ಲಿಲ್ಲ. ಆವಾಗ ಗೊತ್ತಾಯ್ತು, ನಾನು ಬರ್ದಿದ್ದು ಸುಳ್ಳು. ಸುಮ್ನಿರೋರು ಸುಮ್ನೇ ಇರ್ತಾರೆ. ಒಂದು ಚುಕ್ಕೆ ಇಡೋಕೂ ಅವರ ಕೈ ಬರಲ್ಲ."

"ಆದ್ರೆ ನಾವು ಸುಮ್ನಿದ್ದಿದ್ದು ಪ್ರೀತಿಗೆ ಎಜೆ."

"ಇರ್ಬಹುದು. ಹೊರಗೆ ಕೂತೋಳಿಗೆ ಹೇಗೆ ಗೊತ್ತಾಗ್ಬೇಕು ಅದು?" ಬಾತ್ಮಾ ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಎಲ್ನೂರಾ ತಡೆದುಕೊಳ್ಳುತ್ತಿದ್ದಳು. "ಮಾತಾಡ್ದೆ ಇದ್ರೆ ಮನುಷ್ಯರಿಗೆ ಏನಾಗುತ್ತೆ ಅಂತ ಅಷ್ಟುದ್ದ ಬರ್ದೆ. ನೀವೆಲ್ಲಾ ಓದಿದ್ರಿ, ಅತ್ರಿ. ಓದಿ ಅತ್ತು, ನಂಗೆ ಅದನ್ನೇ ಮಾಡಿದ್ರಲ್ಲ ಮಗಳೇ."

ಎಲ್ನೂರಾ ಫೋನನ್ನು ಚೀಲಕ್ಕೆ ಹಾಕಿಕೊಂಡಳು. ನೀರು ಹೊಯ್ಯುತ್ತೇನೆಂದು ಕೊಡ ತುಂಬಿಸಿಕೊಂಡು ಬಂದಿದ್ದಳು, ಬರುವಷ್ಟರಲ್ಲಿ ಗಿಡವೇ ಒಣಗಿತ್ತು. ಬಾತ್ಮಾ ಎದ್ದು ಪೆಟ್ಟಿಗೆ ತೆರೆದು ಹೊಸ ಶಾಲೊಂದನ್ನು ತೆಗೆದು ಅವಳ ಹೆಗಲಿಗೆ ಹೊದಿಸಿದರು.

"ಬೇಡ ಎಜೆ. ನಾನು ಇದಕ್ಕೆ ಲಾಯಕ್ಕಲ್ಲ."

"ಲಾಯಕ್ಕಿನ ಮಾತಲ್ಲ ಇದು. ಸುಯುಂಚು ಕೂಗಿದೋಳನ್ನ ಬರೀ ಕೈಲಿ ಕಳಿಸಬಾರ್ದು. ಪದ್ಧತಿಗೋಸ್ಕರ ತಾನೇ ಇಷ್ಟು ದಿನ ಕಾದಿದ್ದು, ತಗೋ." ಬಾತ್ಮಾ ಶಾಲಿನ ಅಂಚು ಸರಿಮಾಡಿದರು. "ಬರೀತೀರಾ ಅಂತ ಮತ್ತೆ ಕೇಳ್ಬೇಡ. ಖುಷಿ ಆಯ್ತು, ಸುಳ್ಳಲ್ಲ. ಆದ್ರೆ ಕತೆ ಒಳಗೆ ಎಲ್ಲಿತ್ತೋ ಆ ಜಾಗ ಮುಚ್ಚಿಹೋಗಿದೆ."

ಎಲ್ನೂರಾ ಹೊರಗೆ ಬಂದಾಗ ಕಣ್ಣು ಮಂಜಾಗಿತ್ತು. ತಂತಿಯ ಹತ್ತಿರ ಅರವತ್ತರ ಆಸುಪಾಸಿನ ದಪ್ಪ ಹೆಂಗಸೊಬ್ಬರು ಒದ್ದೆ ಹಾಸುಬಟ್ಟೆಯನ್ನು ಗಾಳಿಗೆ ಹಾರದಂತೆ ಹಿಡಿದು ನಿಂತಿದ್ದರು. ಎದುರು ಮನೆಯ ವಾರಗಿತ್ತಿ, ಜುಮಾಗುಲ್. ಹೆಸರು ಗೊತ್ತಿಲ್ಲದಿದ್ದರೂ ಎಲ್ನೂರಾ ಅವರನ್ನು ಕಂಡಕೂಡಲೇ ಗುರುತಿಸಿದಳು. ಎಷ್ಟು ಅಧ್ಯಾಯ ಓದಿಲ್ಲ ಅವರನ್ನು.

"ಬಾ ಇಲ್ಲಿ," ಎಂದರು ಜುಮಾಗುಲ್, ಬಟ್ಟೆಯ ಮರೆಯಿಂದ, ಮೆಲ್ಲಗೆ. "ಎಲ್ನೂರಾ ನೀನೇ ತಾನೇ? ಏನಂದ್ಳು? ಕೊನೇದು ಯಾವಾಗ ಹಾಕ್ತಾಳಂತೆ?"

ಎಲ್ನೂರಾ ಬೆಪ್ಪಾಗಿ ನಿಂತಳು. "ನಿಮಗೆ ಹೇಗೆ..."

"ಮೀರಿಮ್ ನನ್ನ ಮಗಳು. ಅಮ್ಮಾ, ಇದು ನಮ್ಮ ಅಂಗಳ, ಓದು ಅಂತ ಕಳಿಸಿದ್ಳು. ಕನ್ನಡಕ ಹಾಕ್ಕೊಂಡು ಒಂದೊಂದೇ ಅಕ್ಷರ ಓದ್ದೆ. ನನ್ನ ಚೆನ್ನಾಗಿ ಬೈದಿದಾಳೆ. ಬೈಯ್ಯೋ ಹಾಗೇ ಇದ್ದೆ ನಾನು." ಜುಮಾಗುಲ್ ಮೂಗು ಎಳೆದುಕೊಂಡರು. "ಬುಧವಾರ ಅವಳು ಕೇಳಿದ್ಳಲ್ಲ, ಚುಕ್ಕೆ ಇಡಿ ಅಂತ. ನಾಲಿಗೆ ಏಳದಿದ್ರೂ ಬೆರಳು ಏಳುತ್ತೆ ಅನ್ಕೊಂಡೆ. ಚುಕ್ಕೆ ಇಟ್ಟು, ಕೆಳಗೆ ನನ್ನ ಹೆಸರು ಬರೆದು, ಹೊರಗೆ ಬಂದು ಕರೀಬೇಕು ಅಂತಿದ್ದೆ. ನಿನ್ನ ಕೇಳ್ದೆ. ನೀನು ಬೇಡ ಅಂದೆ. ಊರು ಕೂಡಿ ಮಾಡ್ತಿರೋ ಹಬ್ಬ, ನಾನ್ಯಾಕೆ ಕೆಡಿಸ್ಲಿ ಅಂತ ಸುಮ್ನಾದೆ."

ಆ ಗೀಟು. ಎಲ್ನೂರಾ ತಂತಿ ಹಿಡಿದು ನಿಂತುಕೊಂಡಳು. ಹನ್ನೊಂದು ವರ್ಷ ಹೆಪ್ಪುಗಟ್ಟಿದ್ದು ಒಂದು ಬುಧವಾರ ತಾನಾಗಿ ಕರಗಿ ಬಾಗಿಲ ತನಕ ಬಂದಿತ್ತು. ಅದನ್ನು ಎರಡು ಸಾಲು ಬರೆದು ಹಿಂದಕ್ಕೆ ಅಟ್ಟಿದವಳು ಅವಳೇ.

"ಈಗ ಹೋಗಿ ಹೇಳಿ ಎಜೆ. ಈಗಲೇ. ನಿಮಗೆ ಕೈ ಮುಗೀತೀನಿ."

"ಈಗ ಹೋದ್ರೆ ನೀನು ಹೇಳಿಕೊಟ್ಟು ಕಳಿಸ್ದೆ ಅಂತಾಳೆ. ಅವಳ ಗುಣ ನಂಗೊತ್ತು." ಜುಮಾಗುಲ್ ಬಟ್ಟೆಯನ್ನು ತಂತಿಗೆ ಸಿಕ್ಕಿಸಿ, ಎಡಗಡೆಯ ಬಾಗಿಲನ್ನೇ ನೋಡಿದರು. "ನೀನು ಹೋಗಿ ಹೇಳು, ನಾನೂ ಓದ್ದೆ ಅಂತ. ಅವಳು ಕಿಟಕೀಗೆ ಬಂದು ಒಂದ್ಸಲ ಈ ಕಡೆ ನೋಡ್ಲಿ ಸಾಕು. ಹೆಸರು ಹಿಡಿದು ಕರೀತೀನಿ. ಇಲ್ಲೇ ನಿಂತಿರ್ತೀನಿ."

ಎಲ್ನೂರಾ ಓಡಿದಳು. ಬಾತ್ಮಾ ಮತ್ತೆ ಮೀನು ಪೋಣಿಸುತ್ತಿದ್ದರು. ಅವಳು ಮಂಡಿಯೂರಿ ಕೂತು, ತಡವರಿಸುತ್ತಾ, ಎಲ್ಲ ಹೇಳಿದಳು. ಫೋನು ತೆಗೆದು ಬುಧವಾರದ ಸಂದೇಶ ತೋರಿಸಿದಳು. "ನೋಡಿ ಎಜೆ, ನಾನು ಒಂದು ಚುಕ್ಕೆ ಇಡ್ಲಾ ಅಂತ ಕೇಳಿದಾರೆ. ಇದು ಅವರೇ."

ಬಾತ್ಮಾ ಫೋನನ್ನು ದೂರ ಹಿಡಿದು ಓದಿದರು. "ಹೆಸರಿಲ್ಲ, ಮುಖ ಇಲ್ಲ. ಒಂದು ಗೀಟು." ವಾಪಸು ಕೊಟ್ಟರು. ಎಲ್ನೂರಾಳ ಕೆನ್ನೆಯನ್ನು ಮೀನಿನ ವಾಸನೆಯ ಕೈಯಿಂದ ಒರೆಸಿದರು. "ನೀನು ಒಳ್ಳೇ ಹುಡುಗಿ. ನನ್ನ ದುಃಖ ನೋಡಕ್ಕಾಗ್ದೆ ಹೇಳ್ತಿದೀಯಾ, ಗೊತ್ತಾಗುತ್ತೆ. ಆದ್ರೆ ಕತೆ ಕಟ್ಟೋದು ನಿನ್ನ ಕೈಲಾಗಲ್ಲ. ಇದನ್ನ ನಾನೇ ಬರ್ದು, ನಾನೇ ಅಳಿಸಿದೀನಿ."

"ಸುಳ್ಳಲ್ಲ ಎಜೆ, ನಾನು ಕಟ್ಟಿದ್ದಲ್ಲ. ಒಂದ್ಸಲ ಕಿಟಕೀಲಿ ನೋಡಿ, ಸಾಕು. ಅಲ್ಲೇ ನಿಂತಿದಾರೆ, ನೀವು ನೋಡ್ಲಿ ಅಂತ ಕಾಯ್ತಿದಾರೆ."

ಬಾತ್ಮಾ ತಲೆ ಎತ್ತಲಿಲ್ಲ. ಇನ್ನೊಂದು ಮೀನಿನ ಕಣ್ಣಿಗೆ ದಾರ ತೂರಿಸಿದರು.

"ಬಟ್ಟೆ ಒಣಗಿಸ್ತಿರ್ತಾಳೆ," ಎಂದರು. "ಯಾವಾಗ್ಲೂ ಅಲ್ಲೇ ನಿಂತಿರ್ತಾಳೆ, ನಂಗೊತ್ತು."